ಅಮ್ಮನಿಗೆ ಎರಡು ದಿನ ಬಿಡುವು ಬೇಕಾದ್ರೆ ಮಗುವನ್ನು ಯಾರ ಹತ್ರ ಬಿಡೋದು?

ಮಂಗಳೂರು: ತಂಗಿಯ ಮದುವೆ, ತವರುಮನೆಯ ನೇಮ, ಕೊನೆಗೆ ತನ್ನದೇ ಒಂದು ಆಪರೇಷನ್. ತೀವ್ರ ವೈಕಲ್ಯದ ಮಗು ಇರುವ ಮನೆಯಲ್ಲಿ ತಾಯಿ ಇದೆಲ್ಲವನ್ನೂ ಮುಂದೂಡುತ್ತಾ ಬರುತ್ತಾರೆ. ಉಣ್ಣಿಸೋದು, ಸ್ನಾನ, ಬಟ್ಟೆ ಬದಲಿಸೋದು, ರಾತ್ರಿ ಎದ್ದು ಮಗ್ಗುಲು ಹೊರಳಿಸೋದು, ಹೊತ್ತಿಗೆ ಸರಿಯಾಗಿ ಫಿಟ್ಸ್ ಮಾತ್ರೆ ಕೊಡೋದು: ಇದಕ್ಕೆ ರಜೆ ಅಂತ ಇಲ್ಲ. ಮಗನಿಗೆ ಹದಿನಾರು ತುಂಬುವ ಹೊತ್ತಿಗೆ ಅವನನ್ನು ಎತ್ತುವ ಅಮ್ಮನ ಸೊಂಟವೂ ಸೋತಿರುತ್ತದೆ.

ಮನೆಯವರಿಗೆ ಕೆಲವು ಗಂಟೆ ಅಥವಾ ಕೆಲವು ದಿನ ಬಿಡುವು ಕೊಟ್ಟು ಮಗುವನ್ನು ಬೇರೆಯವರು ನೋಡಿಕೊಳ್ಳುವ ವ್ಯವಸ್ಥೆಗೆ ರೆಸ್ಪೈಟ್ ಕೇರ್ ಅನ್ನುತ್ತಾರೆ. ಬಿಡುವಿನ ಆರೈಕೆ ಅನ್ನಬಹುದು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 28ನೇ ವಿಧಿಯಲ್ಲಿ, ಬಡ ಕುಟುಂಬಗಳಿಗೆ ಸರ್ಕಾರದಿಂದ ಸಿಗಬೇಕಾದ ನೆರವಿನ ಸಾಲಿನಲ್ಲೇ ಇದರ ಹೆಸರು ಉಂಟು. ಆ ಒಡಂಬಡಿಕೆಯನ್ನು ಭಾರತ 2007ರಲ್ಲಿ ಅನುಮೋದಿಸಿದೆ. ಹಾಗಾಗಿ "ಮಗುವನ್ನು ಎಲ್ಲೋ ಬಿಟ್ಟು ತಿರುಗಲಿಕ್ಕೆ ಹೋದ್ಳು" ಅನ್ನುವ ನೆಂಟರ ಮಾತಿಗೆ ತಾಯಂದಿರು ತಲೆ ತಗ್ಗಿಸಬೇಕಾದ್ದಿಲ್ಲ.

ಹಕ್ಕು ಕಾಗದದಲ್ಲಿ ಉಂಟು, ಜಾಗ ಎಲ್ಲುಂಟು?

ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ ದಕ್ಷಿಣ ಕನ್ನಡದಲ್ಲಿ ಈ ಪ್ರಶ್ನೆ ಹೊಸದಲ್ಲ. ದೀರ್ಘ ಹೋರಾಟದ ನಂತರ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮತ್ತು ಈಗ ಕಡಬ ತಾಲೂಕಿಗೆ ಸೇರಿರುವ ಕೊಯಿಲದಲ್ಲಿ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರಗಳು ಬಂದವು. ಹಗಲಿಗೆ ಮಗುವನ್ನು ಕೇಂದ್ರಕ್ಕೆ ಕಳಿಸಿದ ತಾಯಿ ನಾಲ್ಕು ಕಟ್ಟು ಬೀಡಿ ಕಟ್ಟಬಹುದು, ತೋಟದ ಕೆಲಸಕ್ಕೂ ಹೋಗಬಹುದು. ಆದರೆ ಹಗಲು ಕೇಂದ್ರ ಸಂಜೆಗೆ ಮುಚ್ಚುತ್ತದೆ. ಅಮ್ಮ ಆಸ್ಪತ್ರೆಗೆ ದಾಖಲಾದರೆ ರಾತ್ರಿಗೆ ಯಾರು? ನಿಜವಾದ ಕೊರತೆ ಇರುವುದು ಅಲ್ಲೇ.

ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ 1999ರ ಕಾಯ್ದೆಯಿಂದ ಹುಟ್ಟಿದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಈ ನಾಲ್ಕಕ್ಕೆ ಮಾತ್ರ ಅದರ ಯೋಜನೆಗಳು ಅನ್ವಯ. 'ವಿಕಾಸ್' ಹಗಲು ಆರೈಕೆಗೆ, 'ಸಮರ್ಥ್' ಉಳಿದುಕೊಳ್ಳುವ ಆರೈಕೆಗೆ. ಸಂಕಷ್ಟದಲ್ಲಿರುವ ಮನೆಯ ಮಗುವನ್ನು ಸ್ವಲ್ಪ ಕಾಲಕ್ಕೆ ಇರಿಸಿಕೊಳ್ಳುವುದೂ ಸಮರ್ಥ್ ಉದ್ದೇಶದಲ್ಲಿ ಸೇರಿದೆ. ಇವನ್ನು ನಡೆಸುವುದು ಟ್ರಸ್ಟಿನಲ್ಲಿ ನೋಂದಾಯಿಸಿದ ಸಂಸ್ಥೆಗಳು. ಅಂಥ ಸಂಸ್ಥೆ ಹತ್ತಿರದಲ್ಲಿ ಇಲ್ಲದಿದ್ದರೆ ಯೋಜನೆ ಹೆಸರಿಗಷ್ಟೆ. 'ನಿರಾಮಯ' ವಿಮೆ ಮಾತ್ರ ಊರು ಯಾವುದಾದರೂ ಸಿಗುತ್ತದೆ, 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಅವಕಾಶ ಉಂಟು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತು ಆಡುತ್ತದೆ. ರಾಜ್ಯ ಸರ್ಕಾರವೂ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಸ್ಥಿತಿ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಸಾವಿರಕ್ಕೆ ಆಯಾ ಸಿಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಅರ್ಜಿ ಹಾಕದೆ ಬಿಡಬಾರದು.

ಹತ್ತಿರದಲ್ಲಿ ಕೇಂದ್ರವೇ ಇಲ್ಲದಿದ್ದರೆ

ಆಗ ಉಳಿಯುವುದು ಚಿಕ್ಕಮ್ಮ, ದೊಡ್ಡಮ್ಮ, ನೆರೆಮನೆ. ಅವರಿಗೆ ಮನಸ್ಸಿಲ್ಲ ಅಂತಲ್ಲ, "ನಾನಿರುವಾಗ ಫಿಟ್ಸ್ ಬಂದ್ರೆ?" ಅನ್ನುವ ಹೆದರಿಕೆ. ಆ ಹೆದರಿಕೆ ಕಲಿಸಿದರೆ ಹೋಗುತ್ತದೆ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು, ಕೈಕಾಲು ಬಿಗಿಯಾಗಿ ಹಿಡಿಯದಿರುವುದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯುವುದು. ಕೈಗೆ ಬೀಗದ ಕೀ ಕೊಡುವುದರಿಂದ ಏನೂ ಆಗುವುದಿಲ್ಲ. ನುಂಗಲು ಕಷ್ಟಪಡುವ ಮಗುವಿಗೆ ಮಲಗಿಸಿ ಉಣ್ಣಿಸಬಾರದು, ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯ ಉಂಟು. ಕೂರಿಸಿ, ತಲೆಗೆ ಆಸರೆ ಕೊಟ್ಟೇ ಕೊಡಬೇಕು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಮಾತ್ರೆಯ ಹೆಸರು, ಹೊತ್ತು, ಡಾಕ್ಟರ ನಂಬರು ಮಾತ್ರ ಸಾಲದು. ಮಾತು ಬಾರದ ಮಗು ನೋವಾದರೆ ಹೇಗೆ ತೋರಿಸುತ್ತದೆ, ಯಾವ ಸದ್ದಿಗೆ ಬೆದರುತ್ತದೆ, ಏನು ಹಾಡಿದರೆ ಮಲಗುತ್ತದೆ, ಇವು ಅಮ್ಮನಿಗಷ್ಟೇ ಗೊತ್ತಿರುವ ಸಂಗತಿಗಳು. ಮೊದಲು ಒಂದು ಗಂಟೆ ಬಿಟ್ಟು ಪಕ್ಕದ ಕೋಣೆಯಲ್ಲಿರಿ, ಆಮೇಲೆ ಅರ್ಧ ದಿನ. ತುರ್ತು ಬಂದ ದಿನವೇ ಮೊದಲ ಬಾರಿ ಬಿಟ್ಟರೆ ಮಗುವಿಗೂ ಕಷ್ಟ, ನೋಡಿಕೊಳ್ಳುವವರಿಗೂ ಕಷ್ಟ.

ಸಂಸ್ಥೆಯಲ್ಲಿ ಬಿಡುವುದಾದರೆ ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ, ಹೆಣ್ಣುಮಕ್ಕಳಿಗೆ ಮಹಿಳಾ ಆರೈಕೆದಾರರೇ ಇದ್ದಾರಾ, ಮುಟ್ಟಿನ ದಿನಗಳಲ್ಲಿ ಯಾರು ನೋಡುತ್ತಾರೆ ಅಂತ ಮೊದಲೇ ಕೇಳಬೇಕು. ಹೇಳದೆ ಬಂದರೂ ಒಳಗೆ ಬಿಡುತ್ತೀರಾ ಅನ್ನುವ ಪ್ರಶ್ನೆಗೆ ತಡವರಿಸುವ ಜಾಗ ಬೇಡ.

ವಿಚಾರಿಸಲು ಶುರು ಮಾಡಬೇಕಾದ್ದು ಗ್ರಾಮ ಪಂಚಾಯತ್‌ನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ (ವಿಆರ್‌ಡಬ್ಲ್ಯು). ತಾಲೂಕು ಪಂಚಾಯತ್‌ನಲ್ಲಿ ಎಂಆರ್‌ಡಬ್ಲ್ಯು, ಜಿಲ್ಲೆಯಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ. ಯುಡಿಐಡಿ ಕಾರ್ಡ್ ಕೈಯಲ್ಲಿರಲಿ. ಮಗುವಿಗೆ 18 ತುಂಬುತ್ತಿದ್ದರೆ, ನ್ಯಾಷನಲ್ ಟ್ರಸ್ಟ್ ವ್ಯಾಪ್ತಿಯ ವೈಕಲ್ಯವಿದ್ದಲ್ಲಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಕಾನೂನುಬದ್ಧ ಪೋಷಕತ್ವದ ಅರ್ಜಿಯನ್ನೂ ಅದೇ ಓಡಾಟದಲ್ಲಿ ಕೊಟ್ಟು ಬರಬಹುದು.