ಮಂಜಿನಾಚೆಯ ನಗರಕ್ಕೆ ಎಷ್ಟು ಸೆಕೆಂಡಿನ ಎಕ್ಸ್‌ಪೋಷರ್?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಸುಪಾಸಿನಲ್ಲಿ ನೆಲೆಸಿರುವ ಓದುಗರೊಬ್ಬರು ಚಿತ್ರವೊಂದರ ಜೊತೆ ಪ್ರಶ್ನೆ ಕಳಿಸಿದ್ದಾರೆ. ಜುಲೈ ತಿಂಗಳ ರಾತ್ರಿ ಟ್ರೆಷರ್ ಐಲ್ಯಾಂಡಿನ ದಂಡೆಯಲ್ಲಿ ನಿಂತು ನೀರಿನಾಚೆಯ ನಗರವನ್ನು ಸೆರೆಹಿಡಿಯಲು ಹೋದರೆ ಫೋನಿಗೆ ಸಿಕ್ಕಿದ್ದು ಬರೀ ಮಸುಕು ಬೆಳಕು. ಇನ್ನಷ್ಟು ಹೊತ್ತು ಶಟರ್ ತೆರೆದಿಟ್ಟಿದ್ದರೆ ಕಟ್ಟಡಗಳು ಮೂಡುತ್ತಿದ್ದವೇ? ಮಂಜನ್ನೇ ಅಳಿಸಿಹಾಕುವ ಎಐ ಆ್ಯಪ್‌ಗಳು ಬಂದಿವೆಯಂತೆ, ಕೊಳ್ಳಬಹುದೇ?

ಕ್ಯಾಮೆರಾದ ಮಾತಿಗೆ ಮೊದಲು ಮಂಜಿನ ಮಾತು. ಬೇಸಿಗೆಯ ನಡುವೆ ಅಲ್ಲಿ ಮಂಜು ಎಲ್ಲಿಂದ ಬರುತ್ತದೆ ಎಂಬುದರ ಉತ್ತರಕ್ಕೆ ಟೈಟಾನಿಕ್ ದುರಂತದ ನಂಟಿದೆ. 1912ರಲ್ಲಿ ಆ ಹಡಗು ಮುಳುಗಿತು. ಮರುವರ್ಷ ಉತ್ತರ ಅಟ್ಲಾಂಟಿಕ್‌ನ ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಬ್ರಿಟನ್ನಿನಿಂದ ‘ಸ್ಕೋಷಿಯಾ’ ಎಂಬ ಹಳೆಯ ಹಡಗು ಹೊರಟಾಗ, ಹವಾಮಾನ ತಜ್ಞನಾಗಿ ಹತ್ತಿದವರು 27ರ ಹರೆಯದ ಜೆಫ್ರಿ ಇಂಗ್ರಾಮ್ ಟೇಲರ್. ಅವರ ಮುಖ್ಯ ಸಲಕರಣೆ ಗಾಳಿಪಟ. ಅದಕ್ಕೆ ಉಪಕರಣ ಕಟ್ಟಿ ಹಡಗಿನಿಂದ ಹಾರಿಸಿ, ಸಮುದ್ರದ ಮೇಲೆ ಬೇರೆ ಬೇರೆ ಎತ್ತರದಲ್ಲಿ ಗಾಳಿಯ ಉಷ್ಣತೆ, ತೇವಾಂಶಗಳನ್ನು ಅಳೆದರು. ಬೆಚ್ಚಗಿನ ತೇವದ ಗಾಳಿ ತಣ್ಣೀರಿನ ಮೇಲೆ ಸಾಗಿಬಂದಾಗ ತಳದಿಂದ ತಣಿಯುತ್ತಾ ಹೋಗುತ್ತದೆ, ಅದರಲ್ಲಿದ್ದ ಆವಿ ಹನಿಗಟ್ಟಿ ಮಂಜಾಗುತ್ತದೆ. 1917ರಲ್ಲಿ ಮಂಜಿನ ಬಗ್ಗೆ ಅವರು ಪ್ರಕಟಿಸಿದ ಪ್ರಬಂಧ ಇಂದಿಗೂ ಓದಿಸಿಕೊಳ್ಳುತ್ತದೆ. ಗಾಳಿಯ ಸುಳಿಗಳ ಬಗ್ಗೆ ಮುಂದೆ ಅವರಿಗೆ ಜಗತ್ಪ್ರಸಿದ್ಧಿ ತಂದ ಕೆಲಸವೂ ಮೊಳಕೆಯೊಡೆದದ್ದು ಇದೇ ಗಾಳಿಪಟಗಳ ಅಳತೆಗಳಿಂದ. ದುರಂತವೊಂದರ ಬೆನ್ನಿಗೇ ಇಷ್ಟು ಒಳ್ಳೆಯ ವಿಜ್ಞಾನ ಹುಟ್ಟಿದ ಉದಾಹರಣೆಗಳು ಅಪರೂಪ.

ಕ್ಯಾಲಿಫೋರ್ನಿಯಾದ್ದೂ ಅದೇ ಕಥೆ. ಬೇಸಿಗೆಯ ವಾಯವ್ಯ ಮಾರುತ ಕರಾವಳಿಯ ಮೇಲ್ನೀರನ್ನು ಆಚೆಗೆ ದೂಡುತ್ತದೆ, ಆಳದ ತಣ್ಣೀರು ಮೇಲೇಳುತ್ತದೆ. ಪೆಸಿಫಿಕ್‌ನ ತೇವದ ಗಾಳಿ ಅದರ ಮೇಲೆ ಹಾದು ಮಂಜಾಗುತ್ತದೆ. ಒಳನಾಡಿನ ಕಣಿವೆ ಕಾದು ಗಾಳಿಯನ್ನು ಎಳೆದುಕೊಳ್ಳುವಾಗ ಈ ಮಂಜು ಗೋಲ್ಡನ್ ಗೇಟ್ ಎಂಬ ಕಿಂಡಿಯಿಂದ ಕೊಲ್ಲಿಗೆ ನುಗ್ಗುತ್ತದೆ. ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂತಿರುವುದರಿಂದ ಮಂಜು ಬಹಳ ಎತ್ತರಕ್ಕೆ ಏರಲಾರದು. 326 ಮೀಟರ್ ಎತ್ತರದ ಸೇಲ್ಸ್‌ಫೋರ್ಸ್ ಟವರ್ ಒಮ್ಮೊಮ್ಮೆ ಮಂಜಿನ ಮೇಲೆ ತಲೆಯೆತ್ತಿ ನಿಲ್ಲುವುದು ಇದೇ ಕಾರಣಕ್ಕೆ.

ಈಗ ದೀಪದ ಬೆಳಕಿನ ಪಯಣ. ಮಂಜಿನಲ್ಲಿ ದೀಪ ಎಷ್ಟು ದೂರ ಕಂಡೀತು ಎಂಬ ಲೆಕ್ಕವನ್ನು 1876ರಲ್ಲಿ ಕೊಟ್ಟವರು ಫ್ರಾನ್ಸಿನ ದೀಪಸ್ತಂಭಗಳ ಎಂಜಿನಿಯರ್ ಎಮಿಲ್ ಅಲಾರ್. ಇದನ್ನು ಸುಂಕದ ಕಟ್ಟೆಗಳ ದಾರಿ ಎಂದುಕೊಳ್ಳಿ. ಗೋಚರ ದೂರ 1 ಕಿ.ಮೀ. ಎಂದರೆ, ಆ ದೂರದಲ್ಲಿ ನೇರವಾಗಿ ಸಾಗುವ ಬೆಳಕಿನಲ್ಲಿ ನೂರಕ್ಕೆ ಐದು ಪಾಲು ಮಾತ್ರ ಉಳಿಯುತ್ತದೆ ಎಂದರ್ಥ. ಅಂದರೆ ಮೊದಲ ಕಟ್ಟೆಯಲ್ಲಿ ನೂರರಲ್ಲಿ ತೊಂಬತ್ತೈದು ಸುಂಕ. ಎರಡನೆಯ ಕಟ್ಟೆಯಲ್ಲಿ ಉಳಿದದ್ದರ ಮೇಲೆ ಮತ್ತೆ ಅದೇ ದರ, ಮೂರನೆಯದರಲ್ಲೂ ಅದೇ. ಟ್ರೆಷರ್ ಐಲ್ಯಾಂಡಿನಿಂದ ನಗರದಂಚಿಗೆ ಸುಮಾರು 3 ಕಿ.ಮೀ. ಮೂರು ಕಟ್ಟೆ ದಾಟುವಷ್ಟರಲ್ಲಿ ಉಳಿಯುವುದು 8,000ದಲ್ಲಿ ಒಂದು ಪಾಲು! ತಿಳಿಯಾದ ರಾತ್ರಿ 1 ಸೆಕೆಂಡ್ ಸಾಕಾದರೆ, ಅಷ್ಟೇ ನೇರ ಬೆಳಕನ್ನು ಕೂಡಿಹಾಕಲು ಈಗ 8,000 ಸೆಕೆಂಡ್, ಅಂದರೆ ಎರಡು ಗಂಟೆ ಹದಿಮೂರು ನಿಮಿಷ ಬೇಕು. ಅಷ್ಟು ಕಾದರೂ ಫಲವಿಲ್ಲ. ಸುಂಕವಾಗಿ ಹೋದ ಬೆಳಕು ಎಲ್ಲೂ ಮಾಯವಾಗಿರುವುದಿಲ್ಲ. ಹನಿಗಳಿಗೆ ತಾಗಿ ದಿಕ್ಕುಗೆಟ್ಟು, ಎಲ್ಲ ಕಡೆಯಿಂದ ಲೆನ್ಸಿಗೆ ಬಂದು ಬೀಳುತ್ತಿರುತ್ತದೆ. ಶಟರ್ ತೆರೆದಷ್ಟೂ ಆ ಮಸುಕೂ ಅಷ್ಟೇ ಪಟ್ಟು ಬೆಳೆಯುತ್ತದೆ.

ಗೋಚರ ದೂರ 3 ಕಿ.ಮೀ.ಗೆ ಹಿಗ್ಗಿದರೆ? ದಾರಿಯಲ್ಲಿ ಒಂದೇ ಕಟ್ಟೆ, ಆಗ 20 ಸೆಕೆಂಡ್ ಸಾಕು. ಎರಡು ಗಂಟೆಗೂ ಇಪ್ಪತ್ತು ಸೆಕೆಂಡಿಗೂ ಇರುವ ಈ ಅಂತರವನ್ನು ಯಾವ ದುಬಾರಿ ಲೆನ್ಸೂ ತುಂಬಲಾರದು.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಯೂ ಇಲ್ಲಿ ಸುಳ್ಳು. ಗಾಳಿಯ ಅಣುಗಳು ನೀಲಿಯನ್ನು ಹೆಚ್ಚು ಚದುರಿಸುತ್ತವೆ, ನಿಜ. ಆದರೆ ಮಂಜಿನ ಹನಿಯ ಅಡ್ಡಳತೆ ಸಾಮಾನ್ಯವಾಗಿ 10-20 ಮೈಕ್ರೋಮೀಟರ್, ಬೆಳಕಿನ ತರಂಗಾಂತರದ ಇಪ್ಪತ್ತು ನಲವತ್ತು ಪಟ್ಟು. ಇಷ್ಟು ದಪ್ಪ ಹನಿಗೆ ಎಲ್ಲ ಬಣ್ಣವೂ ಒಂದೇ. ಜರ್ಮನಿಯ ಗುಸ್ಟಾವ್ ಮೀ 1908ರಲ್ಲಿ ಚಿನ್ನದ ಕಣಗಳಿರುವ ದ್ರಾವಣದ ಬಣ್ಣ ವಿವರಿಸಲು ಕಟ್ಟಿದ ಗಣಿತವೇ ಇದನ್ನೂ ವಿವರಿಸುತ್ತದೆ. ಆದ್ದರಿಂದ ಚಿತ್ರದಲ್ಲಿ ಮಂಜಿಗೆ ಬರುವುದು ದೀಪದ್ದೇ ಬಣ್ಣ: ಸೋಡಿಯಂ ದೀಪಗಳಿದ್ದರೆ ಕಿತ್ತಳೆ, ಎಲ್‌ಇಡಿ ಇದ್ದರೆ ಬಿಳಿ.

ಇನ್ನು ಆ್ಯಪ್‌ಗಳ ವಿಚಾರ. ಹತ್ತಾರು ಚಿತ್ರಗಳನ್ನು ಒಟ್ಟುಗೂಡಿಸುವ ನೈಟ್ ಮೋಡ್ ನನಗೆ ತುಂಬ ಮೆಚ್ಚಿಗೆಯ ತಂತ್ರ. ಅದು ಸೆನ್ಸರಿನ ಗದ್ದಲವನ್ನು ನಿಜಕ್ಕೂ ತಗ್ಗಿಸುತ್ತದೆ. ತೆಳು ಮಂಜಿದ್ದಾಗ ಮಸುಕನ್ನು ಕಳೆದು ಅಂಚುಗಳನ್ನು ಚೂಪಾಗಿಸುವುದೂ ಸಾಧ್ಯ. ಆದರೆ ಲೆನ್ಸಿಗೆ ತಲುಪದ ಕಿಟಕಿಯನ್ನು ತೋರಿಸುವ ಆ್ಯಪ್ ಅದನ್ನು ಊಹಿಸಿ ಬರೆದಿರುತ್ತದೆ. ಅಂಥದ್ದನ್ನು ಛಾಯಾಚಿತ್ರ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ಇಷ್ಟು ಹೇಳುತ್ತೇನೆ: ಆ್ಯಪ್ ಬೇಡ, ಒಂದು ಗಟ್ಟಿ ಟ್ರೈಪಾಡ್ ಕೊಳ್ಳಿ. ಹೊರಡುವ ಮುನ್ನ ವಿಮಾನ ನಿಲ್ದಾಣದ ಹವಾ ವರದಿಯಲ್ಲಿ ಗೋಚರ ದೂರ ನೋಡಿಕೊಳ್ಳಿ. ಮಸುಕಿನಲ್ಲಿ ಆಟೋಫೋಕಸ್ ತಡಕಾಡುವುದರಿಂದ, ಎದುರು ದಂಡೆಯ ಪ್ರಖರ ದೀಪವೊಂದಕ್ಕೆ ಕೈಯಾರೆ ಫೋಕಸ್ ಮಾಡಿ. ಲೆನ್ಸಿನ ಮೇಲೆ ಕೂರುವ ಹನಿಯನ್ನು ಆಗಾಗ ಒರೆಸಿ. ಗೋಚರ ದೂರ 3 ಕಿ.ಮೀ.ಗಿಂತ ತುಂಬ ಕಡಿಮೆ ಇದ್ದರೆ ಮನೆಯಲ್ಲೇ ಇರಿ, ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಮಂಜಿಗೇನೂ ಬರವಿಲ್ಲ.