ಪರರ ಪೌರುಷ, ತಮ್ಮ ಹೆಸರು

ನಿಜಘಟನೆಗಳಿಂದ ಪ್ರೇರಿತವಾದ ಸಾಹಸಚಿತ್ರವು ನಿಜವನ್ನು ಎಷ್ಟರಮಟ್ಟಿಗೆ ಮೀರಬಹುದೆಂಬ ಪ್ರಶ್ನೆಗೆ 2000ನೆಯ ಇಸವಿಯಲ್ಲಿ ಹೊರಬಂದ ‘ಯು-571’ ಎಂಬ ಅಮೆರಿಕದ ಚಿತ್ರವು ತಕ್ಕ ನಿದರ್ಶನವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಜಲಾಂತರ್ನೌಕೆಯನ್ನು ಹೊಕ್ಕು ‘ಎನಿಗ್ಮಾ’ ಎಂಬ ಗೂಢಲಿಪಿಯಂತ್ರವನ್ನು ವಶಪಡಿಸಿಕೊಂಡವರು ಅಮೆರಿಕದ ನಾವಿಕರೆಂದು ಅದು ತೋರಿಸುತ್ತದೆ. ನಡೆದುದೇ ಬೇರೆ. 1941ರ ಮೇ 9ರಂದು ‘ಯು-110’ನ್ನು ಹೊಕ್ಕು ಆ ಯಂತ್ರವನ್ನು ತಂದವರು ‘ಬುಲ್‌ಡಾಗ್’ ಎಂಬ ಬ್ರಿಟಿಷ್ ಯುದ್ಧನೌಕೆಯವರು. ಅಮೆರಿಕವು ಯುದ್ಧಕ್ಕಿಳಿದುದಾದರೋ ಆ ವರ್ಷದ ಡಿಸೆಂಬರಿನಲ್ಲಿ!

ಸಂಭಾಷಣೆಯನ್ನು ಕಲ್ಪಿಸಲಿ, ದಿನಗಳನ್ನು ಗಳಿಗೆಗಳಾಗಿ ಕುಗ್ಗಿಸಲಿ, ನಮ್ಮ ಆಕ್ಷೇಪವಿಲ್ಲ. ಮಾಡಿದವನನ್ನೇ ಬದಲಿಸುವುದು ಮಾತ್ರ ಕಲ್ಪನೆಯಲ್ಲ, ಅಪಹಾರ. 1942ರ ಅಕ್ಟೋಬರ್ 30ರಂದು ಮುಳುಗುತ್ತಿದ್ದ ‘ಯು-559’ರೊಳಗಿಂದ ಸಂಕೇತಪುಸ್ತಕಗಳನ್ನು ಹೊರಕ್ಕೆ ದಾಟಿಸಿದ ಆಂಟನಿ ಫ್ಯಾಸನ್, ಕಾಲಿನ್ ಗ್ರೇಜಿಯರ್ ಎಂಬ ಬ್ರಿಟಿಷ್ ನಾವಿಕರಿಬ್ಬರು ಅದರೊಡನೆಯೇ ಜಲಸಮಾಧಿಯಾದರು. ಅವರ ಬಲಿದಾನಕ್ಕೆ ಯಾರು ಹಕ್ಕುದಾರರು? ಚಿತ್ರದ ಕೊನೆಯಲ್ಲಿ ಬ್ರಿಟಿಷರನ್ನು ಸ್ಮರಿಸುವ ಕೆಲವು ಸಾಲುಗಳುಂಟು. ಸುಮಾರು ಎರಡು ಗಂಟೆಗಳ ಕಾಲ ಕಣ್ಣಾರೆ ಕಂಡುದನ್ನು ಅವು ಅಳಿಸಬಲ್ಲವೆ?

ಇದು ತಮ್ಮ ನಾವಿಕರಿಗಾದ ಅವಮಾನವೆಂಬುದನ್ನು ಅಂದಿನ ಪ್ರಧಾನಿ ಬ್ಲೇರರು ಪಾರ್ಲಿಮೆಂಟಿನಲ್ಲಿ ಒಪ್ಪಿದರು. (ಪರರ ಚರಿತ್ರೆಯನ್ನು ಬಹುಕಾಲ ತಾವೇ ಬರೆದ ಜನಕ್ಕೆ ಈ ನೋವು ಹೊಸದಾಗಿದ್ದಿರಬೇಕು.) ಚಿತ್ರಕಥೆಗಾರರಲ್ಲೊಬ್ಬರಾದ ಡೇವಿಡ್ ಏಯರ್ 2006ರಲ್ಲಿ ವಿಷಾದವನ್ನು ಸೂಚಿಸಿದರು. ಚಿತ್ರವು ಮಾತ್ರ ಹಾಗೆಯೇ ಉಳಿದಿದೆ.