ಹೆಪಟೈಟಿಸ್ ಬಿ ರಕ್ತಪರೀಕ್ಷೆ ಏನು ಹೇಳುತ್ತದೆ?



ಕಣ್ಣು ಹಳದಿಯಾದರೆ ಕಾಮಾಲೆಯೆಂದು ನಾವೆಲ್ಲ ಗುರುತಿಸುತ್ತೇವೆ. ಆದರೆ ಹೆಪಟೈಟಿಸ್ ಬಿ ಎಂಬ ವೈರಸ್ ಕಣ್ಣು ಹಳದಿಯಾಗದೆಯೇ ಹಲವು ವರ್ಷ ಲಿವರಿನಲ್ಲಿ ಅಡಗಿರಬಲ್ಲದು. ಕೊನೆಗೆ ಕೆಲವರಿಗೆ ಲಿವರ್ ಗಡಸಾಗಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕ್ಯಾನ್ಸರ್ ಕೂಡ ಆಗಬಹುದು. ಇದನ್ನು ಮೊದಲೇ ತಿಳಿಯಲು ರಕ್ತಪರೀಕ್ಷೆಯೇ ದಾರಿ.

ಪ್ರಯೋಗಾಲಯದಲ್ಲಿ ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಹೊಲಕ್ಕೆ ಹೋಲಿಸಿ ತಿಳಿಯಿರಿ.

1. ಕಳ್ಳ ಈಗ ಹೊಲದಲ್ಲಿದ್ದಾನೆಯೆ? ಎಚ್‌ಬಿಎಸ್ ಎಜಿ ಎಂಬುದು ವೈರಸ್ಸಿನ ಹೊರಪದರದ ಅಂಶ. ಅದು ಕಂಡರೆ ರೋಗ ಈಗ ಮೈಯಲ್ಲಿದೆ. 6 ತಿಂಗಳ ಮೇಲೂ ಕಂಡರೆ ನೆಲೆಯೂರಿದೆ.

2. ಕಳ್ಳ ಹಿಂದೆ ಬಂದಿದ್ದನೆ? ಆಂಟಿ ಎಚ್‌ಬಿಸಿ ಎಂಬ ಪ್ರತಿಕಾಯ ಅವನ ಹೆಜ್ಜೆಗುರುತು. ಲಸಿಕೆಯಿಂದ ಇದು ಬರುವುದಿಲ್ಲ.

3. ಕಾವಲುಗಾರನಿದ್ದಾನೆಯೆ? ಆಂಟಿ ಎಚ್‌ಬಿಎಸ್ ಎಂಬ ಪ್ರತಿಕಾಯವೇ ಕಾವಲು. ವರದಿಯಲ್ಲಿ ಇದರ ಅಂಕಿ 10 ಅಥವಾ ಹೆಚ್ಚಿದ್ದರೆ ರಕ್ಷಣೆಯಿದೆ ಎನ್ನುತ್ತಾರೆ.

ಕಾವಲು ಮಾತ್ರ ಕಂಡರೆ ಅದು ಲಸಿಕೆಯ ಫಲ. ಕಾವಲು, ಹೆಜ್ಜೆಗುರುತು ಎರಡೂ ಇದ್ದು ಕಳ್ಳನಿಲ್ಲದಿದ್ದರೆ ರೋಗ ಬಂದು ವಾಸಿಯಾಗಿದೆ. ಹೆಜ್ಜೆಗುರುತು ಮಾತ್ರ ಕಂಡರೆ ವೈದ್ಯರ ವಿಚಾರಣೆ ಬೇಕು. ಮೂರೂ ಇಲ್ಲದವರು ಲಸಿಕೆಯ ವಿಷಯ ಕೇಳಬೇಕು. ಆದ್ದರಿಂದ "ಪಾಸಿಟಿವ್" ಎಂದೊಡನೆ ಹೆದರಬೇಡಿರಿ; ಯಾವುದು ಪಾಸಿಟಿವ್ ಎಂದು ಕೇಳಿರಿ.

ಈ ರೋಗ ಹರಡುವುದು ರಕ್ತದಿಂದ, ಒಬ್ಬರಿಗೆ ಬಳಸಿದ ಸೂಜಿ ಮತ್ತು ಬ್ಲೇಡಿನಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಒಂದೇ ಪಂಕ್ತಿಯಲ್ಲಿ ಉಂಡರೆ, ಒಂದೇ ಕೊಡದ ನೀರು ಕುಡಿದರೆ ಬರುವುದಿಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಹುಟ್ಟುವಾಗ ಸೋಂಕು ತಗುಲಿದ 10 ಶಿಶುಗಳಲ್ಲಿ ಸುಮಾರು 9 ಶಿಶುಗಳಿಗೆ ಅದು ಬೇರೂರುತ್ತದೆ. ದೊಡ್ಡವರಲ್ಲಿ ಹಾಗಾಗುವುದು ವಿರಳ. ಆದುದರಿಂದ ಗರ್ಭಿಣಿಯರಿಗೆ ಈ ಪರೀಕ್ಷೆ ತಪ್ಪದೆ ಮಾಡಿಸಿರಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಬಳಿಕ 6, 10, 14ನೆಯ ವಾರದ ಲಸಿಕೆ ಹಾಕಿಸಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಇವು ಉಚಿತ.

ಕಳ್ಳ ಸಿಕ್ಕನೆಂದು ಬರೆ ಹಾಕಿಸಿ ಕಾಲ ಕಳೆಯಬೇಡಿರಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಡಿ ಪರೀಕ್ಷೆ ಮತ್ತು ಔಷಧಿ ಉಚಿತ. ಮಾತ್ರೆ ಎಲ್ಲರಿಗೂ ಬೇಕಿಲ್ಲ. ಬೇಕಾದವರು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮನೆಯಲ್ಲಿ ಒಬ್ಬರಿಗೆ ರೋಗವಿದೆಯೆಂದು ತಿಳಿದರೆ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಿರಿ.